ಸತ್ಯಾಂಶ: ಎಂಜಿನ್ ನಡುಗಿದರೆ ಸ್ಪಾರ್ಕ್ ಪ್ಲಗ್ಗೇ ಕಾರಣವೇ?

‘ನಿಂತ ಕಾರಿನ ಎಂಜಿನ್ ನಡುಗಿದರೆ ಸ್ಪಾರ್ಕ್ ಪ್ಲಗ್ ಹೋಗಿದೆ, ಎಲ್ಲವನ್ನೂ ಬದಲಿಸಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಅದೂ ನಡುಗುತ್ತದೆ, ಅಲ್ವಾ?

ಪೆಟ್ರೋಲ್ ಕಾರಿನಲ್ಲೂ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ), ಕೊಳೆ ಕಟ್ಟಿದ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ), ಸೀಳಿದ ವ್ಯಾಕ್ಯೂಮ್ ಪೈಪ್ ಕಾರಣ ಆಗಬಹುದು. ಮೊದಲು ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0301 ಕೋಡ್ ಬಂದರೆ 1ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇದ್ದರೆ, 1 ಮತ್ತು 2ನೆಯದರ ಕಾಯಿಲ್‌ಗಳನ್ನು ಅದಲುಬದಲು ಮಾಡಿಸಿ. ಕೋಡ್ ಪಿ0302 ಆಯಿತೇ, ಅಂದರೆ ದೋಷ 2ನೇ ಸಿಲಿಂಡರ್‌ಗೆ ಹೋಯಿತೇ? ಕೆಟ್ಟಿರುವುದು ಕಾಯಿಲ್. ಪ್ಲಗ್ಗಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಆರ್‌ಪಿಎಂ ಮುಳ್ಳು ಅಲುಗದೆ ಬಾಡಿ ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟ್ (ಎಂಜಿನ್ ಅನ್ನು ಬಾಡಿಗೆ ಹಿಡಿದಿಡುವ ಆಸರೆ) ನೋಡಿಸಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ದಯವಿಟ್ಟು ಕಾರು ಓಡಿಸಬೇಡಿ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.