ಹವಳಕ್ಕೂ ಪ್ಯಾಕರ್ಸ್ ಅಂಡ್ ಮೂವರ್ಸ್

ನನ್ನ ಬಲಗೈ ಉಂಗುರದ ಬೆರಳಲ್ಲಿ ಒಂದು ಹವಳ ಇತ್ತು. ಕುಜದೋಷಕ್ಕೆ ಅಂತ ಸೋದರಮಾವ ಚಿಕ್ಕಪೇಟೆಯಲ್ಲಿ ಮಾಡಿಸಿಕೊಟ್ಟಿದ್ದು. ಮದುವೆಯಾಗಿ ಹನ್ನೊಂದು ವರ್ಷ ಕಳೆದರೂ ಅದನ್ನು ತೆಗೆದಿರಲಿಲ್ಲ. ದೋಷ ಹೋಯಿತೋ ಇಲ್ಲವೋ ಹೆಂಡತಿಯನ್ನೇ ಕೇಳಬೇಕು, ಕೇಳುವ ಧೈರ್ಯ ನನಗಿಲ್ಲ. ಹವಳದ ಬಗ್ಗೆ ನನಗಿದ್ದ ಜ್ಞಾನ ಇಷ್ಟೇ.

ಉಳಿದದ್ದನ್ನು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಕಲಿತೆ. ಈಗ ಅದು ಸ್ವರಾಜ್ ದ್ವೀಪ. 2018ರಲ್ಲೇ ಹೆಸರು ಬದಲಾಗಿದೆ, ಆದರೆ ಆಟೋದವನಿಗೆ ಇನ್ನೂ ಹ್ಯಾವ್‌ಲಾಕೇ. ‘ನಮ್ಮ ಮುರುಡೇಶ್ವರದ ಎದುರು ನೇತ್ರಾಣಿ ಇದೆಯಲ್ಲೋ, ಮುಳುಗೋಕೆ ಅಲ್ಲಿತನಕ ಯಾಕೆ?’ ಅಂತ ಮಾವ ಕೇಳಿದ್ದರು. ನೇತ್ರಾಣಿಯಲ್ಲಿ ಒಮ್ಮೆ ಮುಳುಗಿ ಎದ್ದಾಗಿತ್ತು. ನನಗೆ ಸ್ಕೂಬಾ ಡೈವಿಂಗಿನ ಪೂರ್ತಿ ಕೋರ್ಸ್ ಬೇಕಿತ್ತು: ನಾಲ್ಕು ದಿನ, ಹದಿನೆಂಟು ಮೀಟರ್ ಆಳ, ಕೊನೆಗೊಂದು ಕಾರ್ಡು. ಮೇಲೆ ಸ್ವಲ್ಪ ದುಡ್ಡು ಕೊಟ್ಟರೆ ‘ಹವಳ ಸಂರಕ್ಷಣೆ’ಯೂ ಸೇರುತ್ತದೆ ಅಂದರು. ಊಟದ ಜೊತೆ ಮೊಸರು ತಗೊಂಡ ಹಾಗೆ ಅದನ್ನೂ ತಗೊಂಡೆ.

ಮೊದಲ ದಿನ ಪಾಠ. ಹವಳ ಕಲ್ಲಲ್ಲವಂತೆ. ಸಾವಿರಾರು ಪುಟಾಣಿ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಅಪಾರ್ಟ್‌ಮೆಂಟ್. ಒಳಗೆ ಬಾಡಿಗೆಗೆ ಪಾಚಿ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಮಾಲೀಕನಿಗೂ ಬಡಿಸುತ್ತದೆ. ನೀರು ಬಿಸಿಯಾದರೆ ಮಾಲೀಕನಿಗೆ ತಲೆಕೆಟ್ಟು ಬಾಡಿಗೆದಾರನನ್ನೇ ಹೊರಗೆ ಹಾಕುತ್ತಾನೆ, ಬೆಳ್ಳಗೆ ಬಿಳಚಿಕೊಳ್ಳುತ್ತಾನೆ, ಕೊನೆಗೆ ಉಪವಾಸ ಬಿದ್ದು ಸಾಯುತ್ತಾನೆ. 2010ರಲ್ಲಿ ಅಂಡಮಾನಿನ ತುಂಬಾ ಹೀಗೇ ಆಗಿತ್ತು.

‘ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಿಮ್ಮ ಕಾಲು ಒಂದು ಸಲ ತಾಗಿದರೆ ಅದರ ಹತ್ತು ವರ್ಷ ಹೋಯಿತು. ಮುಟ್ಟಬೇಡಿ, ನಿಲ್ಲಬೇಡಿ, ಮರಳು ಎಬ್ಬಿಸಬೇಡಿ’ ಅಂದರು ನಮ್ಮ ಮೇಷ್ಟ್ರು. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಹವಳವೂ ಇದೆ ಅಂತ ಸೇರಿಸಿದರು. ನಾನು ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದೆ. ಹುಲಿಯುಗುರು ಹಾಕಿಕೊಂಡು ಅರಣ್ಯ ಕಚೇರಿಗೆ ಹೋದವನ ಪರಿಸ್ಥಿತಿ.

ನೀರಿನೊಳಗೆ ನನ್ನ ಸಾಧನೆ ಹೆಚ್ಚು ಹೇಳುವಂಥದ್ದಲ್ಲ. ಮೊದಲ ಮೀನು ಕಂಡ ಖುಷಿಗೆ ಹೆಬ್ಬೆರಳು ಎತ್ತಿ ‘ಸೂಪರ್’ ಅಂದೆ. ಸ್ಕೂಬಾ ಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ‘ನನ್ನನ್ನು ಮೇಲೆ ಕರಕೊಂಡು ಹೋಗಿ’ ಅಂತ ಅರ್ಥ. ಮೇಷ್ಟ್ರು ಕರಕೊಂಡು ಹೋದರು. ಮೀನು ಕೆಳಗೇ ಉಳಿಯಿತು.

ಮೂರನೇ ದಿನ ಹನ್ನೆರಡು ಮೀಟರ್ ಆಳದಲ್ಲಿ ಆ ಉಂಗುರ ಜಾರಿತು. ಮೊದಲೇ ಸಡಿಲವಾಗಿತ್ತು. ನಿಧಾನಕ್ಕೆ ಎರಡು ಸುತ್ತು ಸುತ್ತಿ, ಕವಲುಕವಲಾದ ಒಂದು ಹವಳದ ಪೊದೆಯೊಳಗೆ ಇಳಿದು ಮಾಯವಾಯಿತು. ಕೈ ಹಾಕಲು ಹೋದೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯ ತೋರುಬೆರಳನ್ನು ನನ್ನ ಮುಖವಾಡದ ಗಾಜಿನ ಮುಂದೆ ಆಡಿಸಿದರು. ಮುಟ್ಟಬಾರದು. ಹವಳಕ್ಕೆ ನೋವಾಗುತ್ತದೆ ಅಂತ ಹವಳವನ್ನು ಹವಳದೊಳಗೇ ಬಿಟ್ಟು ಬಂದೆ.

ಕೊನೇ ದಿನ ಸಂರಕ್ಷಣೆ. ನಾನು ಬಣ್ಣಬಣ್ಣದ ಹವಳದ ಸಸಿ ನೆಡುತ್ತೇವೆ ಅಂದುಕೊಂಡಿದ್ದೆ. ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕಂತೆ, ಪ್ರವಾಸಿಗಳು ಸುಮ್ನೆ ನೆಡುವಂತಿಲ್ಲ. ಸರಿಯಾದ ಮಾತೇ. ಹಾಗಾಗಿ ಬಲೆಚೀಲ ಕೊಟ್ಟು ಕಸ ಹೆಕ್ಕಿಸಿದರು. ಒಂದು ಗುಟ್ಕಾ ಪೊಟ್ಟಣ, ಒಂದು ಹವಾಯಿ ಚಪ್ಪಲಿ (ಎಡಗಾಲಿನದು), ತುಂಡಾದ ಮೀನಿನ ಬಲೆ, ಥಾಯ್ ಅಕ್ಷರ ಇದ್ದ ನೀರಿನ ಬಾಟಲಿ. ಮನೆ ಮುಂದೆ ಕಸದ ಗಾಡಿ ಬಂದಾಗ ಏಳದ ನಾನು, ದುಡ್ಡು ಕೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಅಂಡಮಾನ್ ಸಮುದ್ರವನ್ನು ಗುಡಿಸಿದೆ. ಸರ್ಟಿಫಿಕೇಟೂ ಕೊಟ್ಟರು.

ಇಷ್ಟು ಪುಣ್ಯ ಕಟ್ಟಿಕೊಂಡು ಜೆಟ್ಟಿಯಲ್ಲಿ ಹಡಗಿಗೆ ಕಾಯುತ್ತಾ ಮೊಬೈಲಿನಲ್ಲಿ ಗ್ರೇಟ್ ನಿಕೋಬಾರ್ ಯೋಜನೆಯ ಬಗ್ಗೆ ಓದಿದೆ. ಇದೇ ದ್ವೀಪಸಾಲಿನ ದಕ್ಷಿಣದ ತುದಿ, ಪೋರ್ಟ್ ಬ್ಲೇರ್‌ನಿಂದ ಐನೂರು ಕಿಲೋಮೀಟರಿಗೂ ಆಚೆ. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಟೌನ್‌ಶಿಪ್. 72,000 ಕೋಟಿಯ ಲೆಕ್ಕ ಹಾಕಿದ್ದರು. 2022ರ ನವೆಂಬರಿನಲ್ಲಿ ಪರಿಸರ ಅನುಮತಿಯೂ ಸಿಕ್ಕಿದೆ. ಅಲ್ಲಿ ಎಣಿಸಿದ ಹವಳದ ಕಾಲೊನಿಗಳು 20,668. ಅದರಲ್ಲಿ 16,150ನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರಂತೆ. ಸ್ಥಳಾಂತರ!

ನಾನು ಬಲಗೈಯನ್ನೇ ನೋಡಿಕೊಂಡೆ. ಒಂದು ಬೆರಳು ತಾಗಿಸಿದರೆ ಅಪರಾಧ, ಹದಿನಾರು ಸಾವಿರ ಕಿತ್ತರೆ ಸಂರಕ್ಷಣೆ. ನನ್ನದು ರಿಟೇಲ್, ಅದಕ್ಕೇ ಬೈಗುಳ. ಹೋಲ್‌ಸೇಲ್‌ನಲ್ಲಿ ಮಾಡಿದ್ದರೆ ಅನುಮತಿ ಸಿಗುತ್ತಿತ್ತೋ ಏನೋ.

ಬೆಂಗಳೂರಿನವರಿಗೆ ಇದು ಹೊಸದಲ್ಲ ಬಿಡಿ. ಮೆಟ್ರೋಗೆ ಅಡ್ಡ ಬಂದ ಮರಗಳನ್ನು ಬೇರುಸಮೇತ ಎಬ್ಬಿಸಿ ಲಾರಿ ಹತ್ತಿಸುವುದನ್ನು ನೋಡಿದವರು ನಾವು. ಆದರೆ ಹವಳದ ಮನೆ ಖಾಲಿ ಮಾಡಿಸುವುದು ಹೇಗೆ? ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಮುಖವಾಡ ಹಾಕಿಕೊಂಡು ಇಳಿದು, ‘ಸಾರ್, ಒಳಗೆ ಪಾಚಿ ಇದೆ, ಅದರ ಚಾರ್ಜ್ ಬೇರೆ’ ಅನ್ನಬಹುದು. ಹೊಸ ಜಾಗದಲ್ಲಿ ಬಿಸಿಲು ಸರಿಯಾಗಿ ಬೀಳುತ್ತದಾ, ನೀರು ತಿಳಿಯಾಗಿದೆಯಾ ನೋಡಬೇಕು. ಅಲ್ಲಿ ಅಷ್ಟು ಒಳ್ಳೆಯ ವಾತಾವರಣ ಇದ್ದಿದ್ದರೆ ಹವಳ ಮೊದಲೇ ಅಲ್ಲಿ ಸೈಟು ಮಾಡಿಕೊಂಡಿರುತ್ತಿತ್ತು, ಅಲ್ವಾ?

ಉಳಿದ 4,518 ಕಾಲೊನಿಗಳ ಕತೆ ಏನು? ಕಳೆಯುವ ಲೆಕ್ಕ ಮಾಡಿದ್ದು ನಾನೇ, ಜೆಟ್ಟಿಯ ಬೆಂಚಿನ ಮೇಲೆ. ಅವುಗಳ ಹೆಸರು ಪಟ್ಟಿಯಲ್ಲಿಲ್ಲ, ಅಷ್ಟೇ. ರೇಷನ್ ಕಾರ್ಡಿನ ಕ್ಯೂನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೆಯ ಪಾಡು ಇನ್ನೂ ಚೆನ್ನ. ಬಂದರು ಬರುವ ಗಲಾಥಿಯಾ ಕೊಲ್ಲಿಗೆ ಲೆದರ್‌ಬ್ಯಾಕ್ ಅನ್ನುವ ಜಗತ್ತಿನ ಅತಿ ದೊಡ್ಡ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಅದು ಅಭಯಾರಣ್ಯವಾಗಿತ್ತು. 2021ರ ಜನವರಿಯಲ್ಲಿ ಆ ಪಟ್ಟ ತೆಗೆದರು. ಆಮೆಗೆ ಅನ್ಯಾಯ ಆಗಬಾರದಲ್ಲ, ಪಕ್ಕದ ಲಿಟಲ್ ನಿಕೋಬಾರ್‌ನಲ್ಲಿ ಅದರ ಹೆಸರಿಗೇ ಬೇರೆ ಅಭಯಾರಣ್ಯ ಮಾಡಿಕೊಟ್ಟರು. ಹವಳಕ್ಕೂ ಒಂದು, ಮೆರೋ ಅನ್ನುವ ದ್ವೀಪದಲ್ಲಿ. ಈಗ ಸಮುದ್ರ ದಾಟಿ ಬರುವ ಆಮೆ ದಡಕ್ಕೆ ಏರುವ ಮೊದಲು ಒಮ್ಮೆ ಗೆಜೆಟ್ ಓದಿಕೊಂಡರೆ ಸಾಕು.

ಕಾಡಿನ ಕಡೆ ಸುಮಾರು 130 ಚದರ ಕಿಲೋಮೀಟರ್ ಹೋಗುತ್ತದೆ. ಅದಕ್ಕೆ ಬದಲಿಯಾಗಿ ಮರ ಬೆಳೆಸುವ ಜಾಗ ಹರಿಯಾಣ. ಟೈಪಿಂಗ್ ತಪ್ಪಿರಬೇಕು ಅಂತ ನಾನು ಎರಡು ಸಲ ಓದಿದೆ. ತಪ್ಪಲ್ಲ, ಹರಿಯಾಣವೇ. ನಿಕೋಬಾರಿನ ಮರ ಕಳಕೊಂಡ ಹಕ್ಕಿ ಇನ್ನು ದಿಲ್ಲಿಗೆ ಹಾರಿ, ಅಲ್ಲಿಂದ ಗುರುಗ್ರಾಮದ ಮೆಟ್ರೋ ಹಿಡಿಯಬೇಕು. ಪಕ್ಕದ ಮನೆಯವರ ಹಸು ಸತ್ತಿದ್ದಕ್ಕೆ ಮೂರನೇ ಬೀದಿಯವರಿಗೆ ಹಾಲಿನ ಪುಡಿ ಕೊಟ್ಟ ಹಾಗಾಯಿತು.

ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದಲ್ಲಿ (ಆ ಊರಿನ ಹೆಸರೂ ಈಗ ಶ್ರೀ ವಿಜಯಪುರಂ) ನಮ್ಮ ಮುಂದೆ ಒಬ್ಬ ಹುಡುಗ, ಏಳೆಂಟು ವರ್ಷದವನು. ಅವನ ಬ್ಯಾಗಿನಿಂದ ಒಂದು ತುಂಡು ಹವಳ ಸಿಕ್ಕಿತು. ದಡದಲ್ಲಿ ಬಿದ್ದಿದ್ದು, ಯಾವತ್ತೋ ಸತ್ತಿದ್ದು, ಸೀಮೆಸುಣ್ಣದಷ್ಟು ಗಾತ್ರ. ಸೆಕ್ಯುರಿಟಿಯವರು ಅದನ್ನು ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರು. ಡಬ್ಬಿಯಲ್ಲಿ ಆಗಲೇ ಅರ್ಧ ತುಂಬಾ ಇಂಥವೇ ಇದ್ದವು. ಹುಡುಗ ಅಳಲು ಶುರುಮಾಡಿದ. ಕಾನೂನು ಕಾನೂನೇ ಅಂತ ಅವನಪ್ಪ ಸಮಾಧಾನ ಮಾಡಿದರು.

ಮನೆಗೆ ಬಂದ ಮೂರನೇ ದಿನ ಮಾವ ಬಂದರು. ಕಾಫಿ ಲೋಟ ಕೊಡುವಾಗ ಬರಿಬೆರಳು ಕಣ್ಣಿಗೆ ಬಿತ್ತು.

‘ಹವಳ ಎಲ್ಲೋ?’

‘ಸ್ಥಳಾಂತರ ಆಯ್ತು ಮಾವ.’

‘ಎಲ್ಲಿಗೆ?’

‘ಸಮುದ್ರಕ್ಕೆ. ಹನ್ನೆರಡು ಮೀಟರ್ ಆಳ, ಒಳ್ಳೆ ಜಾಗ. ಅಕ್ಕಪಕ್ಕ ಎಲ್ಲಾ ಅದರ ಜಾತಿಯವೇ.’

ಮಾವ ಎರಡು ಗುಟುಕು ಕಾಫಿ ಕುಡಿದು ಯೋಚಿಸಿದರು.

‘ಅಲ್ಲ, ಚಿನ್ನ ಎಷ್ಟು ಗ್ರಾಂ ಇತ್ತೋ ಅದರಲ್ಲಿ?’