ರನ್ನಿಂಗ್ ಬ್ಯಾಕ್‌ಗೆ ದುಡ್ಡು ಕೊಡಿ, ಕಾಲಲ್ಲಿ ಕಸುವಿದ್ದಾಗಲೇ ಕೊಡಿ

ರನ್ನಿಂಗ್ ಬ್ಯಾಕ್‌ಗೆ ದೊಡ್ಡ ಕಾಂಟ್ರಾಕ್ಟ್ ಕೊಟ್ಟರೆ ದುಡ್ಡು ದಂಡ. ಅಮೆರಿಕನ್ ಫುಟ್‌ಬಾಲ್ ನೋಡುವವರ ನಡುವೆ ಈ ಮಾತು ಈಗ ವೇದವಾಕ್ಯ ಆಗಿಬಿಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಕೇಳಿದಾಗಲೆಲ್ಲ ಸಂಕಟ ಆಗುತ್ತದೆ.

ಈ ಆಟ ನೋಡದವರಿಗೆ ಎರಡು ಮಾತು. ಚೆಂಡನ್ನು ಎದೆಗೆ ಅವುಚಿಕೊಂಡು, ನೂರು ಕಿಲೋ ಮೀರಿದ ಆಳುಗಳ ಮಧ್ಯೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಒಂದೇ ಪಂದ್ಯದಲ್ಲಿ ಇಪ್ಪತ್ತು ಸಲ ಡಿಕ್ಕಿ ಆದರೂ ಆಶ್ಚರ್ಯವಿಲ್ಲ. ಇನ್ನು ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 1994ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ, ಐಪಿಎಲ್‌ನ ಪರ್ಸ್ ತರಹ. 2025ರಲ್ಲಿ ಅದು 27.92 ಕೋಟಿ ಡಾಲರ್. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ.

ಬೇಡ ಅನ್ನುವವರ ಹತ್ತಿರ ಉದಾಹರಣೆಗಳಿಗೆ ಬರವಿಲ್ಲ. ಟಾಡ್ ಗರ್ಲಿಗೆ ಅವನ ತಂಡ ರ್‍ಯಾಮ್ಸ್ 2018ರಲ್ಲಿ ನಾಲ್ಕು ವರ್ಷಕ್ಕೆ 5.75 ಕೋಟಿ ಡಾಲರ್ ಒಪ್ಪಿಕೊಂಡಿತು. ಮೊಣಕಾಲು ಕೈಕೊಟ್ಟಿತು. 2020ರ ಮಾರ್ಚ್‌ನಲ್ಲಿ ತಂಡವೂ ಕೈಬಿಟ್ಟಿತು, ಆಗ ಅವನಿಗೆ ಬರೀ 25. ಎಝೆಕಿಯಲ್ ಎಲಿಯಟ್‌ಗೆ ಡಲ್ಲಾಸ್ 2019ರಲ್ಲಿ ಆರು ವರ್ಷಕ್ಕೆ 9 ಕೋಟಿ ಕೊಡಲು ಹೋಗಿ 2023ರಲ್ಲಿ ಹೊರಗೆ ಕಳಿಸಿತು.

ಸರಿ. ಆದರೆ ಎಲಿಯಟ್ ಲೀಗ್‌ನಲ್ಲೇ ಅತಿ ಹೆಚ್ಚು ಓಡಿದ್ದು ಯಾವಾಗ? 2016 ಮತ್ತು 2018ರಲ್ಲಿ. ಆಗ ಅವನು ಆಡುತ್ತಿದ್ದದ್ದು ಹೊಸಬರ ಸಂಬಳಕ್ಕೆ. ಇಲ್ಲೇ ಇರುವುದು ಅನ್ಯಾಯ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸಬರನ್ನು ಆರಿಸಿಕೊಳ್ಳುವಲ್ಲಿ, ಬಂದವನ ಮೊದಲ ಕಾಂಟ್ರಾಕ್ಟ್ ನಾಲ್ಕು ವರ್ಷ. ಮೂರು ಸೀಸನ್ ಮುಗಿಯುವ ತನಕ ಸಂಬಳ ಹೆಚ್ಚಿಸಿ ಅಂತ ಕೇಳುವ ಹಾಗೇ ಇಲ್ಲ. ಮೊದಲ ಸುತ್ತಿನವನಾದರೆ ಐದನೇ ವರ್ಷವೂ ತಂಡದ ಕೈಯಲ್ಲೇ. ಅದಾದ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿ, ಅಂದರೆ ನಿಗದಿತ ಸಂಬಳಕ್ಕೆ ತನ್ನಲ್ಲೇ ಉಳಿಸಿಕೊಂಡು, ಇನ್ನೊಂದು ವರ್ಷ ಕಟ್ಟಿಹಾಕಬಹುದು. ಅಷ್ಟರಲ್ಲಿ ಹುಡುಗನಿಗೆ 27 ಆಗಿರುತ್ತದೆ. ಆಗ ಅದೇ ತಂಡ ಹೇಳುತ್ತದೆ, ನಿನ್ನ ಕಾಲು ಸವೆದಿದೆ ಅಂತ. ಸವೆಸಿದ್ದು ಯಾರು?

ಆ ಟ್ಯಾಗ್‌ನ ಲೆಕ್ಕ ಇನ್ನೂ ವಿಚಿತ್ರ. ಅದೇ ಸ್ಥಾನದಲ್ಲಿ ಆಡುವವರ ಅತಿ ಹೆಚ್ಚಿನ ಸಂಬಳಗಳನ್ನು ನೋಡಿ ಅದನ್ನು ನಿಗದಿ ಮಾಡುತ್ತಾರೆ. ಸಂಬಳ ಏರಲು ಬಿಡದಿದ್ದರೆ ಟ್ಯಾಗ್ ಏರಲ್ಲ, ಟ್ಯಾಗ್ ಅಗ್ಗ ಇದ್ದರೆ ಸಂಬಳ ಏರಿಸುವ ದರ್ದು ಯಾರಿಗಿದೆ? 2023ರಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಟ್ಯಾಗ್ 3.24 ಕೋಟಿ ಡಾಲರ್, ರನ್ನಿಂಗ್ ಬ್ಯಾಕ್ ಟ್ಯಾಗ್ ಸುಮಾರು 1.01 ಕೋಟಿ.

ಆ ವರ್ಷ ಹಾಗೆ ಸಿಕ್ಕಿಕೊಂಡವರಲ್ಲಿ ಜೈಂಟ್ಸ್ ತಂಡದ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಒಬ್ಬ. ಮುಂದಿನ ವರ್ಷ ಜೈಂಟ್ಸ್ ಅವನನ್ನು ಬಿಟ್ಟುಕೊಟ್ಟಿತು. ಫಿಲಡೆಲ್ಫಿಯಾ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಆ ಸೀಸನ್‌ನಲ್ಲಿ ಅವನು ಓಡಿದ್ದು 2005 ಗಜ. ಜಾಕ್ಸನ್‌ವಿಲ್ ವಿರುದ್ಧದ ಆ ಒಂದು ನೆಗೆತ ನೋಡಿದ್ದೀರಾ? ಚೆಂಡು ಹಿಡಿದ, ಒಬ್ಬನನ್ನು ತಪ್ಪಿಸಿದ, ಗಿರ್ರನೆ ತಿರುಗಿದ. ಎದುರಾಳಿಗೆ ಬೆನ್ನು ಹಾಕಿಕೊಂಡೇ ಅವನ ತಲೆಯ ಮೇಲಿಂದ ಹಿಮ್ಮುಖವಾಗಿ ಹಾರಿಬಿಟ್ಟ! ನನಗಂತೂ ಮೈ ಜುಮ್ಮೆಂದಿತು. ಕೊನೆಗೆ ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲನ್ನೂ ಗೆದ್ದಿತು.

ಮುಂದೆ ದಾರಿ ಬಿಡಿಸುವ ಆಟಗಾರರ ಸಾಲು, ಅಂದರೆ ಲೈನ್, ಚೆನ್ನಾಗಿತ್ತು, ಯಾರಾದರೂ ಓಡುತ್ತಿದ್ದರು ಅಂತೀರಾ? 2023ರಲ್ಲಿ ಹೆಚ್ಚುಕಡಿಮೆ ಅದೇ ಲೈನ್ ಇತ್ತು, ಅದರ ನಡುವೆ ನಿಲ್ಲುವ ಹೆಸರಾಂತ ಜೇಸನ್ ಕೆಲ್ಸಿ ಕೂಡ ಇದ್ದ. ಆಗ ಅವರ ಹಿಂದೆ ಓಡಿದ ಡಿಆಂಡ್ರೆ ಸ್ವಿಫ್ಟ್ ಗಳಿಸಿದ್ದು 1049 ಗಜ. ಸ್ವಿಫ್ಟ್ ಕೆಟ್ಟ ಆಟಗಾರನಲ್ಲ. ಹೆಚ್ಚಾದ ಗಜಗಳಲ್ಲಿ ದೊಡ್ಡ ಪಾಲು ಬಾರ್ಕ್ಲಿಯದು, ಅಲ್ವಾ?

2025ರಲ್ಲಿ ಅವನ ಓಟ ಹಾಗೇ ಉಳಿಯಲಿಲ್ಲ, ನಿಜ. ಅದಕ್ಕೇ ನಾನು ಆರು ವರ್ಷದ ಕಾಂಟ್ರಾಕ್ಟ್ ಕೇಳುತ್ತಿಲ್ಲ. ಎರಡೋ ಮೂರೋ ವರ್ಷದ್ದು ಸಾಕು. ಆದರೆ ಮೊತ್ತ ದೊಡ್ಡದಿರಲಿ, ಗಾಯವಾದರೂ ಕೈಗೆ ಬರುವಂತಿರಲಿ. ಮುಖ್ಯವಾಗಿ, ಬೇಗ ಬರಲಿ. ರನ್ನಿಂಗ್ ಬ್ಯಾಕ್‌ಗಳಿಗೆ ಎರಡು ಸೀಸನ್ ಮುಗಿದ ಕೂಡಲೇ ಹೊಸ ಸಂಬಳ ಕೇಳುವ ಹಕ್ಕು ಬೇಕು. ಅವರ ಮೇಲೆ ಟ್ಯಾಗ್ ಹಾಕುವುದು ನಿಲ್ಲಬೇಕು. ಲೀಗ್ ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಮುಂದಿನ ಮಾತುಕತೆಗೆ ಕೂತಾಗ ಸಂಘ ಈ ಎರಡು ಬೇಡಿಕೆಗಳನ್ನು ಮೊದಲು ಮೇಜಿನ ಮೇಲೆ ಇಡಬೇಕು. ಹಿಂದಿನ ಸಲ ಈ ಹುಡುಗರನ್ನು ಮರೆತ ಹಾಗೆ ಈ ಸಲವೂ ಮರೆಯುವುದು ಬೇಡ.