ತುದಿಯ ಸೀಟಿನವನ ಗಿಟಾರ್ ಶ್ರವಣ

ಉದ್ದುದ್ದ ಹಾಡುಗಳ, ತೊಡಕಿನ ತಾಳಗಳ ಪ್ರೋಗ್ರೆಸಿವ್ ರಾಕ್ ಸಂಗೀತವನ್ನು ಮನೆಯಲ್ಲಿ ಕೇಳುವುದಾದರೆ ತಾಳ್ಮೆಯುಳ್ಳ ಕಿವಿಯೊಂದಿದ್ದರೆ ಸಾಕು. ಕಛೇರಿಗೇ ಹೋಗಿ ಕೇಳುವವರಿಗೆ ಮಂಡಿಗಳೂ ಗಟ್ಟಿಯಾಗಿರಬೇಕು. 2022ರ ಶರತ್ಕಾಲದಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಅವರು, ತಾವು ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ತಂಡದಲ್ಲಿದ್ದಾಗ 1972ರಲ್ಲಿ ಹೊರಬಂದ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿಗೆ ಐವತ್ತು ತುಂಬಿದ ನೆಪದಲ್ಲಿ ಅದನ್ನು ಆದ್ಯಂತ ನುಡಿಸುತ್ತ ಇಂಗ್ಲೆಂಡಿನ ಊರೂರು ಸುತ್ತುತ್ತಿದ್ದರು. ಅಂಥ ಒಂದು ಊರಿನ ಸಭಾಂಗಣದಲ್ಲಿ ನನಗೆ ಸಿಕ್ಕಿದ್ದು ಸಾಲಿನ ತುದಿಯ ಸೀಟು. ಕಾಲು ಚಾಚಿ ಕೂರಬಹುದೆಂದು ಅದನ್ನು ಹೊಗಳುವವರಿದ್ದಾರೆ. ಅವರು ಯಾವ ಸಂಗೀತ ಕೇಳುತ್ತಾರೋ ತಿಳಿಯದು.

ಹ್ಯಾಕೆಟ್ ಹುಟ್ಟಿದ್ದು 1950ರಲ್ಲಿ. ಜೆನೆಸಿಸ್ ಸೇರಿದ ಹೊಸದರಲ್ಲಿ, ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯದಲ್ಲಿ, ಅವರು ವೇದಿಕೆಯ ಮೇಲೆ ಸ್ಟೂಲಿನಲ್ಲಿ ಕುಳಿತು, ಗಿಟಾರಿನ ಮೇಲೆ ಬಗ್ಗಿಕೊಂಡು ನುಡಿಸುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಕಾರ್ಯಕ್ರಮದ ಬಹುಪಾಲನ್ನು ನಿಂತೇ ನಡೆಸುತ್ತಾರೆ. ಅವರ ಸರೀಕರಾದ ಶ್ರೋತೃಗಳು ಮಾತ್ರ ಈಗ ಕುಳಿತಿರುತ್ತಾರೆ. ಕುಳಿತಿರಲೂ ಆಗದೆ ನಡುನಡುವೆ ಎದ್ದು ಹೊರಗೆ ಹೋಗುತ್ತಾರೆ. ನಮ್ಮ ಸಾಲಿನಿಂದ ಹೊರಟವರಿಗೆಲ್ಲ ಇದ್ದ ದಾರಿ ನನ್ನ ಮಂಡಿಗಳ ಮುಂದಿನದು.

ಬೇರೆ ಬಗೆಯ ಸಂಗೀತವಾಗಿದ್ದರೆ, ಈ ಹಾಡೊಂದು ಮುಗಿಯಲಿ ಎಂದು ತಡೆದುಕೊಳ್ಳಬಹುದಿತ್ತು. ಆದರೆ ಈ ಆಲ್ಬಮ್ಮಿನ ‘ಸಪ್ಪರ್ಸ್ ರೆಡಿ’ ಎಂಬ ಹಾಡಿಗೆ ಏಳು ಭಾಗಗಳಿದ್ದು, ಅದು ಸುಮಾರು 23 ನಿಮಿಷ ನಡೆಯುತ್ತದೆ. ಆಲ್ಬಮ್ಮಿನಲ್ಲಿ ಅದರ ಮುಂಚೆ ಬರುವುದು, ಜರ್ಮನ್ ರಚನಕಾರ ಬಾಖ್ ಸೆಲ್ಲೋ ವಾದ್ಯಕ್ಕೆ ಬರೆದ ಕೃತಿಗುಚ್ಛವೊಂದರಿಂದ ಪ್ರೇರಣೆ ಪಡೆದು ಹ್ಯಾಕೆಟ್ ಒಬ್ಬರೇ ನುಡಿಸುವ, ಎರಡು ನಿಮಿಷವೂ ತುಂಬದ ‘ಹೊರೈಝನ್ಸ್’. ಅನುಭವಸ್ಥರಾದ ಅಭಿಮಾನಿಗಳಿಗೆ ಈ ಲೆಕ್ಕಾಚಾರ ಬಾಯಿಪಾಠ. ಆದ್ದರಿಂದ ಎದುರಿಗಿರುವ 23 ನಿಮಿಷಗಳಿಗೆ ಹೆದರಿದವರೆಲ್ಲ, ಸೂಜಿ ಬಿದ್ದರೂ ಕೇಳಿಸಬೇಕಾದ ಆ ಪುಟ್ಟ ಕೃತಿಯ ಹೊತ್ತಿಗೆ ಸರಿಯಾಗಿ ‘ಕ್ಷಮಿಸಿ, ಕ್ಷಮಿಸಿ’ ಎನ್ನುತ್ತ ಎದ್ದರು, ದಾರಿ ಬಿಡಲು ನಾನೂ ಎದ್ದೆ. ಆದರೆ ಹೆಂಗಸರ ಶೌಚಾಲಯ ಖಾಲಿಯಿದ್ದು ಗಂಡಸರದರ ಮುಂದೆ ಮಾರುದ್ದದ ಸಾಲು ನಿಲ್ಲುವ ಅಪರೂಪದ ದೃಶ್ಯ ಈ ಸಂಗೀತದ ಕಾರ್ಯಕ್ರಮಗಳದ್ದೇ ವಿಶೇಷವಾದ ಕಾರಣ ಅವರ ಲೆಕ್ಕ ಕೈಕೊಟ್ಟಿತು. ಹೋದವರು ಒಬ್ಬೊಬ್ಬರಾಗಿ ಮರಳಿದಾಗ ಹಾಡು ಎರಡನೆಯ ಭಾಗದಲ್ಲಿತ್ತು. ನಾನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಎದ್ದು ನಿಂತೆ. ಹಿಂದಿನವರ ಕಣ್ಣಿಗೆ ನಾನು ಭಾವಪರವಶನಾದವನಂತೆ ಕಂಡಿರಬೇಕು, ಏಕೆಂದರೆ ಅವರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ಸೀಟಿನವರದು ಇನ್ನೊಂದು ಬಗೆಯ ಭಕ್ತಿ. 1972ರಲ್ಲಿ ಜೆನೆಸಿಸ್ ತಂಡದ ಗಾಯಕ ಪೀಟರ್ ಗೇಬ್ರಿಯಲ್ ನರಿಯ ತಲೆಯ ಮುಖವಾಡ ಧರಿಸಿ, ಹೆಂಡತಿಯ ಕೆಂಪು ಉಡುಪು ತೊಟ್ಟು ವೇದಿಕೆಗೆ ಬಂದು ಜನರನ್ನು ಬೆಚ್ಚಿಬೀಳಿಸಿದ್ದರು. ಅದರ ನೆನಪಿಗಾಗಿ ಇವರು ಚೀಲದಿಂದ ಒಂದು ನರಿಯ ತಲೆಯನ್ನು ತೆಗೆದು ಹಾಕಿಕೊಂಡರು. ಕೆಂಪು ಉಡುಪು ಇರಲಿಲ್ಲ ಎಂಬುದಷ್ಟೇ ಸಮಾಧಾನ. ಎರಡು ಕಿವಿಗಳ ನಡುವಿನ ಸಂದಿಯಲ್ಲಿ ನನಗೆ ಹ್ಯಾಕೆಟ್ ಅವರ ಎಡಗೈ ಮಾತ್ರ ಕಾಣುತ್ತಿತ್ತು. ನರಿ ತಲೆದೂಗಿದಾಗ ಅದೂ ಮಾಯವಾಗುತ್ತಿತ್ತು. ಕೊನೆಗೆ ಒಳಗಿನ ಸೆಕೆ ತಾಳಲಾರದೆ ಅವರು ಮುಖವಾಡ ಕಳಚಿ ತೊಡೆಯ ಮೇಲಿಟ್ಟು, ಮುಖದ ಬೆವರನ್ನು ಅದರ ಮೂತಿಯಿಂದಲೇ ಒರೆಸಿಕೊಂಡರು.

ಅಷ್ಟರಲ್ಲಿ ಹಾಡು ಒಂಬತ್ತರ ಎಣಿಕೆಗೆ ಹೊರಳಿತು. ಆ ಭಾಗದ ಹೆಸರಿನಲ್ಲೇ ‘9/8’ ಎಂದಿದ್ದರೂ ಸಭೆ ನಾಲ್ಕರ ಲೆಕ್ಕದಲ್ಲಿ ಚಪ್ಪಾಳೆ ಹಾಕಲು ತೊಡಗಿತು. ನಾಲ್ಕೂ ಒಂಬತ್ತೂ ಮತ್ತೆ ಒಂದೆಡೆ ಸೇರುವುದು ಮೂವತ್ತಾರನೆಯ ಎಣಿಕೆ ಮುಗಿದಾಗ. ಅಲ್ಲಿಯವರೆಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ಕರ್ನಾಟಕ ಸಂಗೀತದ ಸಂಕೀರ್ಣ ನಡೆಯಲ್ಲೂ ಒಂಬತ್ತೇ ಇದ್ದರೂ, ನಮ್ಮ ಸಭೆಗಳಲ್ಲಿ ತಾಳ ತಪ್ಪಿದವರು ಪಕ್ಕದವರ ತೊಡೆಯತ್ತ ಓರೆಗಣ್ಣಿನಿಂದ ನೋಡಿ ಸರಿಪಡಿಸಿಕೊಳ್ಳುತ್ತಾರೆ. ಇಲ್ಲಿ ಆ ಸೌಕರ್ಯವಿರಲಿಲ್ಲ. ಚಪ್ಪಾಳೆ ಮೊದಲು ಚದುರಿತು, ಬಳಿಕ ಸಣ್ಣಗಾಯಿತು, ಕೊನೆಗೆ ಬಾಲ್ಕನಿಯಲ್ಲಿದ್ದ ಯಾರೋ ಒಬ್ಬರ ಹಟವಾಗಿ ಉಳಿಯಿತು.

ನನ್ನ ಪಕ್ಕದ ಬಿಳಿಗಡ್ಡದ ಹಿರಿಯರು ಚಪ್ಪಾಳೆ ತಟ್ಟುವವರಲ್ಲ, ವಿವರಿಸುವವರು. ಬೆರಳುಗಳನ್ನು ಗಿಟಾರಿನ ಮೆಟ್ಟಿಲುಗಳಾದ ಫ್ರೆಟ್‌ಗಳ ಮೇಲೆ ಬಡಿದು ನುಡಿಸುವ ಟ್ಯಾಪಿಂಗ್ ತಂತ್ರವನ್ನು ಹ್ಯಾಕೆಟ್ 1971ರಲ್ಲೇ ಬಳಸಿದ್ದರೆಂದೂ, ಲೋಕ ಅದರ ಕೀರ್ತಿಯನ್ನು ಬಹಳ ತಡವಾಗಿ ಬಂದವರಿಗೆ ಕೊಟ್ಟಿತೆಂದೂ ಅವರು ನನ್ನ ಕಿವಿಯಲ್ಲಿ ದುಃಖದಿಂದ ಹೇಳಿದರು. ಮಾತು ನಿಜವೇ. ತೊಂದರೆಯೆಂದರೆ, ಆ ತಂತ್ರವನ್ನು ಹ್ಯಾಕೆಟ್ ಎದುರಿಗೇ ತೋರಿಸುತ್ತಿರುವಾಗ ಅವರಿಗೆ ಅದು ನೆನಪಾಗುತ್ತಿತ್ತು.

ಕೊನೆಯಲ್ಲಿ 1973ರ ‘ಫರ್ತ್ ಆಫ್ ಫಿಫ್ತ್’ ಬಂತು. ಮೊದಲು ಕೊಳಲಿನಲ್ಲಿ ಬಂದ ರಾಗವನ್ನು ಗಿಟಾರ್ ಎತ್ತಿಕೊಂಡು, ಆತುರವಿಲ್ಲದೆ ಬೆಳೆಸುತ್ತ, ಒಂದು ಎತ್ತರದ ಸ್ವರದ ಮೇಲೆ ಉಸಿರು ಕಟ್ಟುವಷ್ಟು ಹೊತ್ತು ನಿಲ್ಲುತ್ತದೆ. ಸಭೆಯಲ್ಲಿ ಅರ್ಧದಷ್ಟು ಜನ ಬಂದಿದ್ದೇ ಆ ಒಂದು ಸ್ವರಕ್ಕಾಗಿ ಎನ್ನಿಸುವಷ್ಟು ನಿಶ್ಶಬ್ದವಾಗಿತ್ತು.

“ಈಗ ಬರುತ್ತದೆ, ಕೇಳಿ,” ಎಂದರು ಹಿರಿಯರು. ಸ್ವರ ಬಂತು. “ಇದೇ ಅದು! ಕೇಳಿದಿರಾ? ಇನ್ನೂ ಬಿಟ್ಟಿಲ್ಲ ನೋಡಿ, ಇನ್ನೂ ಬಿಟ್ಟಿಲ್ಲ...” ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಹ್ಯಾಕೆಟ್ ಅದನ್ನು ಬಿಟ್ಟಿದ್ದರು. ಸಿಟ್ಟು ಮಾಡಿಕೊಳ್ಳೋಣವೆಂದು ತಿರುಗಿದರೆ ಅವರ ಗಡ್ಡ ಕಣ್ಣೀರಿನಿಂದ ಒದ್ದೆಯಾಗಿತ್ತು.

ಹೊರಗೆ ಟೀ-ಶರ್ಟ್ ಮಾರುವ ಮೇಜಿನ ಮುಂದೆ ಮತ್ತೆ ಅವರೇ ನನ್ನ ಮುಂದಿದ್ದರು. ಹೊಟ್ಟೆ ಬಂದ ಅಭಿಮಾನಿಗಳೇ ಹೆಚ್ಚಿದ್ದ ಆ ರಾತ್ರಿ ದೊಡ್ಡ ಅಳತೆಯವೆಲ್ಲ ವಿರಾಮದಲ್ಲೇ ಖರ್ಚಾಗಿ, ಉಳಿದಿದ್ದು ‘ಸ್ಮಾಲ್’ ಮಾತ್ರ. ಹಿರಿಯರು ಒಂದನ್ನು ಎತ್ತಿ ಎದೆಗೆ ಹಿಡಿದು ನೋಡಿದರು. ಅದು ಅವರ ಒಂದು ಭುಜದಿಂದ ಇನ್ನೊಂದಕ್ಕೂ ಮುಟ್ಟಲಿಲ್ಲ. “ತೊಳೆದರೆ ಹಿಗ್ಗುತ್ತದೆಯೇ?” ಎಂದು ಮಾರುವ ಹುಡುಗಿಯನ್ನು ಕೇಳಿದರು. ಆಕೆ ಇಲ್ಲವೆಂದಳು. ಅವರು ಎರಡನ್ನು ಕೊಂಡರು.